ದೊಡ್ಡಮ್ಮನ ಟ್ರಂಕ್: ಕಾಗದ, ಫೋಟೊ, ಕ್ಯಾಸೆಟ್ ಉಳಿಸಿಕೊಂಡ ಕೆಲಸದ ಟಿಪ್ಪಣಿ

ಕೆಲಸ ಮುಕ್ಕಾಲು ಭಾಗ ಮುಗಿದಿದೆ. ಕೆಲವು ಕ್ಯಾಸೆಟ್‌ಗಳು ಇನ್ನೂ ಸತಾಯಿಸುತ್ತಿವೆ. ಆದರೂ ಇಲ್ಲಿವರೆಗೆ ಮಾಡಿದ್ದನ್ನು ಬರೆದಿಡುತ್ತಿದ್ದೇನೆ. ಇಂಥದ್ದೇ ಒಂದು ಟ್ರಂಕ್ ಮನೆಯಲ್ಲಿಟ್ಟುಕೊಂಡು, ಎಲ್ಲಿಂದ ಶುರು ಮಾಡೋದು ಅಂತ ತಿಳಿಯದೆ ಮತ್ತೆ ಮುಚ್ಚಿಟ್ಟವರು ತುಂಬಾ ಜನ ಇರುತ್ತಾರೆ. ಅವರಿಗೆ ಉಪಯೋಗಕ್ಕೆ ಬರಲಿ.

ದೊಡ್ಡಮ್ಮ 90 ದಾಟಿ ಬದುಕಿದರು. ನಾಲ್ಕು ಮಕ್ಕಳನ್ನು ಬೆಳೆಸಿದರು. ಅದರ ಜೊತೆಗೇ ಬೀದಿ ನಲ್ಲಿ, ಚರಂಡಿ, ವಾಚನಾಲಯ, ಮತದಾರರ ಪಟ್ಟಿ ಅಂತ ಊರಿನ ಕೆಲಸದಲ್ಲಿ ಜೀವಮಾನವಿಡೀ ಓಡಾಡಿದರು. ಒಂದು ಸಲ ಪುರಸಭೆ ಚುನಾವಣೆಗೆ ನಿಂತು ಸೋತರು, ಮುಂದಿನ ಸಲ ಗೆದ್ದರು. ಸೋತ ಮೇಲೂ ಗೆದ್ದ ಮೇಲೂ ಮಾಡಿದ ಕೆಲಸ ಒಂದೇ. ಅವರ ಕಾಗದಗಳೆಲ್ಲ ಒಂದು ತಗಡಿನ ಟ್ರಂಕ್‌ನಲ್ಲಿದ್ದವು. ಅವರು ಹೋದ ಮೇಲೆ ಅಕ್ಕ, ಅಂದರೆ ಅವರ ಮಗಳು, ಅದರ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, "ನಿನಗೆ ತಾಳ್ಮೆ ಜಾಸ್ತಿ, ನೀನೇ ನೋಡು" ಅಂದಳು.

1. ಕೈ ಹಾಕುವ ಮೊದಲು ಫೋಟೊ

ಟ್ರಂಕ್ ತೆರೆದ ತಕ್ಷಣ ಮೇಲಿನದನ್ನು ಎತ್ತಿ ಓದಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಮೊದಲು ಮೇಲಿಂದ ಒಂದು ಫೋಟೊ ತೆಗೆಯಿರಿ. ಆಮೇಲೆ ಒಂದು ಪದರ ಎತ್ತಿ, ಕೆಳಗಿನದರ ಫೋಟೊ. ಹೀಗೇ ತಳದವರೆಗೆ. ಪ್ರತಿ ಪದರದ ಪಕ್ಕ ಪೆನ್ಸಿಲಿನಲ್ಲಿ ನಂಬರ್ ಬರೆದ ಚೀಟಿ ಇಡಿ. ಯಾವುದು ಯಾವುದರ ಮೇಲಿತ್ತು, ಯಾವ ದಾರದಲ್ಲಿ ಏನೇನು ಕಟ್ಟಿದ್ದರು ಅನ್ನೋದು ಆ ಫೋಟೊಗಳಲ್ಲಿ ಮಾತ್ರ ಉಳಿಯುತ್ತದೆ. ಇದಕ್ಕೆ ಫೋನಿನ ಕ್ಯಾಮೆರಾ ಸಾಕು.

ಮೇಜಿನ ಮೇಲೆ ಇದ್ದದ್ದು ಇಷ್ಟು: ಬಣ್ಣ ಹಚ್ಚುವ ಮೃದು ಬ್ರಷ್, 2ಬಿ ಪೆನ್ಸಿಲ್, ಪಾಲಿಯೆಸ್ಟರ್ ಹಾಳೆಯ ಸಣ್ಣ ಪಟ್ಟಿಗಳು, ತೆಳ್ಳನೆ ಸ್ಟೀಲ್ ಸ್ಪ್ಯಾಚುಲಾ, ಒತ್ತು ಕಾಗದ (ಶಾಯಿ, ನೀರು ಹೀರುವ ಬ್ಲಾಟಿಂಗ್ ಪೇಪರ್), ಆ್ಯಸಿಡ್ ಇಲ್ಲದ ಕಾಗದದ ಫೋಲ್ಡರ್‌ಗಳು, ಎನ್95 ಮಾಸ್ಕ್. ಪೆನ್ನು ಕೋಣೆಯೊಳಗೇ ಬರಕೂಡದು ಅಂತ ನಿಯಮ ಮಾಡಿದೆವು. ಕಾಗದ ಮುಟ್ಟಲು ತೊಳೆದು ಒರೆಸಿದ ಕೈ ಸಾಕು. ಹತ್ತಿಯ ಗ್ಲೌಸ್ ಹಾಕಿಕೊಂಡರೆ ಅಂಚು ಬೆರಳಿಗೆ ತಿಳಿಯೋದಿಲ್ಲ, ಹರಿಯುವ ಸಾಧ್ಯತೆಯೇ ಜಾಸ್ತಿ. ಫೋಟೊ ಮತ್ತು ನೆಗೆಟಿವ್‌ಗೆ ಮಾತ್ರ ನೈಟ್ರೈಲ್ ಗ್ಲೌಸ್.

2. ಹುಳ ಮತ್ತು ಬೂಷ್ಟು

ತಳದ ಪದರದಲ್ಲಿ ಕಾಗದ ತಿನ್ನುವ ಬೆಳ್ಳಗಿನ ಹುಳ ಓಡಾಡುತ್ತಿದ್ದವು. ನುಸಿಗುಳಿಗೆ ಹಾಕಲಿಲ್ಲ. ಅದರ ಆವಿ ಫೋಟೊಗೂ ಒಳ್ಳೆಯದಲ್ಲ, ನಮ್ಮ ಉಸಿರಿಗೂ ಒಳ್ಳೆಯದಲ್ಲ. ಕಟ್ಟುಗಳನ್ನು ದಪ್ಪ ಪಾಲಿಥಿನ್ ಕವರಿನಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು, ಸೀಲ್ ಮಾಡಿ ಫ್ರೀಜರ್‌ನಲ್ಲಿ ಇಟ್ಟೆವು. ಮೈನಸ್ 20 ಡಿಗ್ರಿ ಇದ್ದರೆ ಒಂದು ವಾರ ಸಾಕು ಅನ್ನುತ್ತಾರೆ. ಮನೆ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಸುತ್ತ ಇರುತ್ತದೆ. ಹಾಗಾಗಿ ಇನ್ನಷ್ಟು ದಿನ ಬಿಟ್ಟೆವು.

ಹೊರಗೆ ತೆಗೆದ ಮೇಲೆ ಕವರನ್ನು ಕೂಡಲೇ ಬಿಚ್ಚಬಾರದು. ಒಂದು ಇಡೀ ದಿನ ಹಾಗೇ ಬಿಡಬೇಕು. ಆಗ ನೀರಿನ ಹನಿ ಕವರಿನ ಹೊರಗೆ ಕೂರುತ್ತದೆ, ಕಾಗದದ ಮೇಲಲ್ಲ. ಒದ್ದೆ ಇರುವ ಕಾಗದವನ್ನು ಮೊದಲು ಪೂರ್ತಿ ಒಣಗಿಸಿಯೇ ಈ ಕೆಲಸಕ್ಕೆ ಇಳಿಯಬೇಕು. ಗಾಜಿನ ಫೋಟೊ ಪ್ಲೇಟ್ ಇದ್ದರೆ ಫ್ರೀಜರ್ ಹತ್ತಿರವೂ ಒಯ್ಯಬೇಡಿ.

ಚಳಿಗೆ ಹುಳ ಸಾಯುತ್ತವೆ, ಬೂಷ್ಟು ಸಾಯೋದಿಲ್ಲ. ಬೂಷ್ಟು ಹಿಡಿದ ಹಾಳೆಗಳನ್ನು ನೆರಳಲ್ಲಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಬ್ರಷ್‌ನಿಂದ ನಮ್ಮ ಮುಖದ ಆಚೆ ದಿಕ್ಕಿಗೆ ಗುಡಿಸಿದೆವು.

3. ಮನೆಯದು ಒಂದು ಕಡೆ, ಊರಿನದು ಒಂದು ಕಡೆ

ಈ ಹಂತ ಇಡೀ ಕೆಲಸದ ದಾರಿಯನ್ನೇ ಬದಲಿಸಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಲ್ಲರ ಸಲಹೆ ಒಂದೇ ಆಗಿತ್ತು: ಎರಡು ಗುಡ್ಡೆ ಮಾಡಿ. ಮನೆಗೆ ಸೇರಿದ್ದು ಎಡಕ್ಕೆ, ಊರಿಗೆ ಸೇರಿದ್ದು ಬಲಕ್ಕೆ. ಮಕ್ಕಳ ಅಂಕಪಟ್ಟಿ, ಡಾಕ್ಟರ್ ಚೀಟಿ, ಮನೆ ಲೆಕ್ಕ, ದೊಡ್ಡಪ್ಪನ ಕಾಗದ ಎಡಕ್ಕೆ. ಅರ್ಜಿ, ಸಭೆಯ ನಡಾವಳಿ, ಸಹಿ ಪಟ್ಟಿ, ಪುರಸಭೆಯ ಉತ್ತರ ಬಲಕ್ಕೆ. ಮೊದಲ ಪದರ ಪೂರ್ತಿ ಹಾಗೇ ವಿಂಗಡಿಸಿದೆವು. ನೋಡಲು ಚೊಕ್ಕವಾಗಿತ್ತು. ಆದರೆ ಬಲಗಡೆಯ ಗುಡ್ಡೆ ಓದುತ್ತಾ ಹೋದರೆ ಅದು ಯಾರದೋ ಕಚೇರಿ ಫೈಲ್. ದೊಡ್ಡಮ್ಮ ಎಲ್ಲೂ ಸಿಗಲೇ ಇಲ್ಲ.

ಆಮೇಲೆ ಸಿಕ್ಕಿದ್ದು ಒಂದು ಅರ್ಜಿಯ ಕಾರ್ಬನ್ ಪ್ರತಿ. ತೆಳ್ಳನೆಯ ಕಾಗದ, ಅಕ್ಷರ ನೀಲಿ. ನಲ್ಲಿಯ ಪೈಪು ಚರಂಡಿಯೊಳಗೇ ಹಾದುಹೋಗಿದೆ, ಒಡೆದ ಕಡೆ ಕೊಳಕು ನೀರು ಸೇರುತ್ತಿದೆ, ಪೈಪನ್ನು ಮೇಲೆತ್ತಿ ಹಾಕಿಸಿ ಅಂತ ಬರೆದಿದ್ದರು. ಹಾಳೆ ಹಿಂದೆ ತಿರುಗಿಸಿದರೆ ಪೆನ್ಸಿಲಿನಲ್ಲಿ ಅಂಕಿಗಳು: ಬೆಳಿಗ್ಗೆ 101, ಮಧ್ಯಾಹ್ನ 103, ರಾತ್ರಿ 103. ಅದರ ಕೆಳಗೆ ಇನ್ನೂ ಸಹಿ ಹಾಕಿಸಬೇಕಾದ ಮನೆಗಳ ಪಟ್ಟಿ. ಹಾಳೆಯ ಎಡ ಮೂಲೆಯಲ್ಲಿ ಒಂದು ತುಕ್ಕಿನ ಗುರುತು. ಕ್ಲಿಪ್ಪಿನ ಆಕಾರ, ಒಂದು ಕಡೆ ಸ್ವಲ್ಪ ಸೊಟ್ಟ.

ಆ ಸೊಟ್ಟ ಗುರುತನ್ನು ನಾನು ಬೇರೆಲ್ಲೋ ನೋಡಿದ್ದೆ. ಎಡಗಡೆಯ ಗುಡ್ಡೆ ಹುಡುಕಿದಾಗ ಡಾಕ್ಟರ್ ಚೀಟಿಯ ಮೂಲೆಯಲ್ಲಿ ಅದೇ ತುಕ್ಕು, ಅದೇ ಅಳತೆ, ಅದೇ ಸೊಟ್ಟ. ಚೀಟಿ ನಮ್ಮ ದೊಡ್ಡಣ್ಣನ, ಅಂದರೆ ದೊಡ್ಡಮ್ಮನ ಮಗನ ಹೆಸರಲ್ಲಿತ್ತು, ಟೈಫಾಯ್ಡ್‌ಗೆ ಕೊಟ್ಟ ಔಷಧಿಯದು. ಟೈಫಾಯ್ಡ್ ಹರಡೋದು ಕೊಳಕು ನೀರಿನಿಂದ, ಕೊಳಕು ಸೇರಿದ ಆಹಾರದಿಂದ. ಮಗುವಿಗೆ ಜ್ವರ ಏರುತ್ತಿದ್ದಾಗಲೇ ದೊಡ್ಡಮ್ಮ ಜ್ವರದ ಲೆಕ್ಕ ಮತ್ತು ಸಹಿಯ ಲೆಕ್ಕ ಎರಡನ್ನೂ ಒಂದೇ ಹಾಳೆಯ ಹಿಂದೆ ಬರೆದು, ಅರ್ಜಿಯನ್ನೂ ಚೀಟಿಯನ್ನೂ ಒಂದೇ ಕ್ಲಿಪ್ಪಿಗೆ ಸೇರಿಸಿದ್ದರು. ಅವರ ಪಾಲಿಗೆ ಅದು ಒಂದೇ ವಿಷಯ. ಎರಡು ಮಾಡಿದವರು ನಾವು.

ಅವತ್ತೇ ಎರಡೂ ಗುಡ್ಡೆ ಮುರಿದೆವು. ಪದರದ ಫೋಟೊಗಳನ್ನು ಮುಂದಿಟ್ಟುಕೊಂಡು ಪ್ರತಿ ಹಾಳೆಯನ್ನೂ ಅದರ ಹಳೇ ಜಾಗಕ್ಕೆ ವಾಪಸ್ ಸೇರಿಸಿದೆವು. ಫೋಟೊದಲ್ಲಿ ಕಾಣದ ಹಾಳೆಗಳಿಗೆ ತುಕ್ಕಿನ ಗುರುತು, ಪಿನ್ನಿನ ತೂತು, ಮಡಿಕೆಯ ಗೆರೆ, ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿದ ನೀರಿನ ಕಲೆ ಸಹಾಯಕ್ಕೆ ಬಂದವು. ಬರೀ ತೂತುಗಳ ಅಂತರ ಅಳೆದೇ ಎಷ್ಟೋ ಹಾಳೆ ಜೋಡಿಯಾದವು. ಎಲ್ಲವೂ ಕೂಡಲಿಲ್ಲ. ಕೂಡದ ಹಾಳೆಗಳನ್ನು ಊಹೆಯ ಮೇಲೆ ಎಲ್ಲೂ ಸೇರಿಸಲಿಲ್ಲ, "ಜಾಗ ತಿಳಿದಿಲ್ಲ" ಅಂತ ಬರೆದ ಬೇರೆ ಫೋಲ್ಡರಿನಲ್ಲಿ ಇಟ್ಟೆವು.

ದಾಖಲೆ ಭಂಡಾರಗಳಲ್ಲಿ ಕೆಲಸ ಮಾಡುವವರು ಇದನ್ನು ಮೂಲ ಕ್ರಮ ಅನ್ನುತ್ತಾರೆ. ಇಟ್ಟವರು ಹೇಗೆ ಇಟ್ಟಿದ್ದರೋ ಹಾಗೇ ಉಳಿಸೋದು. ವಿಷಯವಾರು ಬೇಕೆಂದರೆ ಪಟ್ಟಿಯಲ್ಲಿ ವಿಂಗಡಿಸಿಕೊಳ್ಳಬಹುದು, ಕಾಗದವನ್ನು ಅಲುಗಿಸಬೇಕಾಗಿಲ್ಲ.

4. ಪಿನ್ನು, ಕ್ಲಿಪ್ಪು, ಅಂಟು ಟೇಪು

ತುಕ್ಕು ಹಿಡಿದ ಕ್ಲಿಪ್ಪನ್ನು ಎಳೆಯಬಾರದು. ತುಕ್ಕು ಕಾಗದದ ನಾರಿಗೆ ಕಚ್ಚಿಕೊಂಡಿರುತ್ತದೆ. ಕ್ಲಿಪ್ಪಿನ ಅಡಿಗೂ ಮೇಲಕ್ಕೂ ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಸ್ಪ್ಯಾಚುಲಾದ ತುದಿಯಿಂದ ಕ್ಲಿಪ್ಪಿನ ಉದ್ದನೆಯ ಕಾಲನ್ನು ಮೇಲೆತ್ತಿ, ಕಾಗದದಿಂದ ದೂರಕ್ಕೆ ಬಿಡಿಸಬೇಕು. ಕಾಗದವನ್ನು ಕ್ಲಿಪ್ಪಿನಿಂದ ಎಳೆಯೋದಲ್ಲ, ಕ್ಲಿಪ್ಪನ್ನು ಕಾಗದದಿಂದ ಬಿಡಿಸೋದು. ಗುಂಡುಸೂಜಿಗೆ ಒಂದು ಹನಿ ಎಣ್ಣೆ ಬಿಡಿ ಅಂತ ಯಾರೋ ಹೇಳಿದರು. ಬೇಡವೇ ಬೇಡ, ಎಣ್ಣೆ ಕಲೆ ಹೋಗೋದಿಲ್ಲ. ತೆಗೆದ ಮೇಲೆ ಕಟ್ಟನ್ನು ಮಡಚಿದ ಕಾಗದದೊಳಗೆ ಇಟ್ಟೆವು, ಮತ್ತೆ ಲೋಹ ಹಾಕಲಿಲ್ಲ.

ಹಳದಿಗಟ್ಟಿದ ಪಾರದರ್ಶಕ ಟೇಪನ್ನು ನಾವು ಮುಟ್ಟಲಿಲ್ಲ. ತಾನೇ ಬಿದ್ದದ್ದನ್ನು ಎತ್ತಿಟ್ಟೆವು ಅಷ್ಟೇ. ಅಂಟು ಒಳಗೆ ಇಳಿದಿದ್ದರೆ ಅದು ತರಬೇತಿ ಇರುವ ಸಂರಕ್ಷಕರ ಕೆಲಸ. ಹರಿದ ಅಂಚುಗಳಿಗೆ ಗೋಧಿ ಪಿಷ್ಟದ ಅಂಟು ಮತ್ತು ಉದ್ದ ನಾರಿನ ತೆಳು ಜಪಾನಿ ಕಾಗದ ಬಳಸಿದೆವು. ಈ ಅಂಟು ಬೇಡವಾದಾಗ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ. ಲ್ಯಾಮಿನೇಷನ್ ಬೇಡ. ಬಿಸಿಯಲ್ಲಿ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗೋದಿಲ್ಲ.

ಪತ್ರಿಕೆಯ ತುಣುಕುಗಳನ್ನು ಬೇರೆ ಇಟ್ಟೆವು. ಆ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದಲ್ಲಿರುವ ಅಂಟಿನಂಥ ಅಂಶ, ಜಾಸ್ತಿ. ತಾನೂ ಕಂದಾಗಿ, ಪಕ್ಕದ ಹಾಳೆಗೂ ಕಲೆ ದಾಟಿಸುತ್ತದೆ. ತುಣುಕು ಇದ್ದ ಜಾಗದಲ್ಲಿ "ಇಲ್ಲಿ ತುಣುಕು ಇತ್ತು" ಅಂತ ನಂಬರ್ ಸಮೇತ ಚೀಟಿ ಇಟ್ಟೆವು.

5. ಮಡಿಕೆ ಬಿಡಿಸೋದು

ಸಹಿ ಪಟ್ಟಿಗಳು ಎಂಟು ಮಡಿಕೆಯಾಗಿದ್ದವು. ಒಣ ಕಾಗದವನ್ನು ಬಲವಂತವಾಗಿ ಬಿಡಿಸಿದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಇಸ್ತ್ರಿ ಪೆಟ್ಟಿಗೆಯ ಮಾತೂ ಬಂತು. ಟ್ರಂಕ್ ತಳಕ್ಕೆ ಹಾಸಿದ್ದ ಹಳೇ ಪತ್ರಿಕೆಯ ಮೇಲೆ ಇಸ್ತ್ರಿ ಎಳೆದು ನೋಡಿದೆವು. ಮಡಿಕೆ ಹೋಗಲಿಲ್ಲ, ಅಂಚು ಇನ್ನಷ್ಟು ಗರಿಗರಿಯಾಗಿ ಮುರಿಯಿತು. ಅಲ್ಲಿಗೆ ಆ ಯೋಚನೆ ಕೈಬಿಟ್ಟೆವು.

ಕೆಲಸ ಮಾಡಿದ್ದು ತೇವದ ಡಬ್ಬಿ. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ತಳದಲ್ಲಿ ಒದ್ದೆ ಮಾಡಿ ಹಿಂಡಿದ ಒತ್ತು ಕಾಗದ, ಅದರಿಂದ 8–10 ಸೆಂ.ಮೀ. ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಮಡಚಿದ ಹಾಳೆ. ನೀರು ಹಾಳೆಗೆ ತಾಗಬಾರದು, ತೇವದ ಗಾಳಿ ಮಾತ್ರ ತಾಗಬೇಕು. ಅರ್ಧ ಗಂಟೆಗೊಮ್ಮೆ ನೋಡುತ್ತಾ 2ರಿಂದ 4 ಗಂಟೆ. ಕಾಗದ ಮೆತ್ತಗಾದ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೂಡಲೇ ಎರಡು ಒಣ ಒತ್ತು ಕಾಗದದ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಭಾರ. ಮೊದಲ ಗಂಟೆಯಲ್ಲಿ ಒತ್ತು ಕಾಗದ ಬದಲಿಸಿ, ಆಮೇಲೆ ಇಡೀ ದಿನ ಬಿಡಬೇಕು.

ಇದಕ್ಕೆ ಮೊದಲು ಶಾಯಿ ಪರೀಕ್ಷೆ ಆಗಲೇಬೇಕು. ಒತ್ತು ಕಾಗದದ ಚೂಪು ತುದಿಯನ್ನು ಒದ್ದೆ ಮಾಡಿ, ಅಕ್ಷರದ ಒಂದು ಚುಕ್ಕೆಗೆ ಮುಟ್ಟಿಸಿ. ಬಣ್ಣ ಬಂದರೆ ಆ ಹಾಳೆ ಡಬ್ಬಿಗೆ ಇಲ್ಲ. ಫೌಂಟನ್ ಪೆನ್ನಿನ ಶಾಯಿ, ನೇರಳೆ ಬಣ್ಣದ ರಬ್ಬರ್ ಸ್ಟಾಂಪ್, ಹೆಬ್ಬೆಟ್ಟಿನ ಗುರುತು, ಈ ಮೂರರ ಬಗ್ಗೆ ಜಾಸ್ತಿ ಹುಷಾರು. ಸಹಿ ಪಟ್ಟಿಯಲ್ಲಿ ಹೆಬ್ಬೆಟ್ಟುಗಳೇ ಹೆಚ್ಚಿದ್ದವು. ಪ್ರತಿ ಹೆಬ್ಬೆಟ್ಟಿನ ಪಕ್ಕ ದೊಡ್ಡಮ್ಮ ಆ ಹೆಂಗಸಿನ ಹೆಸರು ಪೂರ್ತಿ ಬರೆದಿದ್ದರು. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಒಂದು ಕಡೆಯೂ ಇಲ್ಲ. 1951–52ರ ಮೊದಲ ಸಾರ್ವತ್ರಿಕ ಚುನಾವಣೆ ಹೊತ್ತಿಗೆ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದ ಸುಮಾರು 28 ಲಕ್ಷ ಹೆಂಗಸರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿತ್ತು. ದೊಡ್ಡಮ್ಮ ಹೆಸರಿಗೆ ಯಾಕೆ ಅಷ್ಟು ಹಟ ಹಿಡಿಯುತ್ತಿದ್ದರು ಅಂತ ಆ ಪಟ್ಟಿಗಳ ಮುಂದೆ ಕೂತಾಗ ನನಗೆ ಅರ್ಥವಾಯಿತು. ಹೆಬ್ಬೆಟ್ಟು ಇದ್ದ ಹಾಳೆಗಳು ಡಬ್ಬಿಗೆ ಹೋಗಲಿಲ್ಲ. ಮಡಿಕೆ ಸಮೇತ ಅಷ್ಟಷ್ಟೇ ಬಿಡಿಸಿ, ತುಂಡು ತುಂಡಾಗಿ ಫೋಟೊ ತೆಗೆದು ಜೋಡಿಸಿಕೊಂಡೆವು.

6. ಅಂಟು ಆಲ್ಬಮ್

1970ರ ದಶಕದಲ್ಲಿ ಮನೆಮನೆಗೆ ಬಂದ ಆಲ್ಬಮ್ ನೆನಪಿದೆ ಅಲ್ವಾ? ರಟ್ಟಿನ ಮೇಲೆ ಅಂಟಿನ ಗೆರೆಗಳು, ಮೇಲೆ ಪ್ಲಾಸ್ಟಿಕ್ ಹಾಳೆ. ಫೋಟೊಗೆ ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ, ಪಿವಿಸಿ ಹಾಳೆ ಫೋಟೊಗೆ ಹತ್ತಿಕೊಳ್ಳುತ್ತದೆ.

ಮೊದಲು ಇಡೀ ಪುಟದ ಫೋಟೊ ತೆಗೆದುಕೊಂಡೆವು. ಬಿಡಿಸುವಾಗ ಹಾಳಾದರೂ ಚಿತ್ರ ಉಳಿದಿರಬೇಕು. ಆಮೇಲೆ ಹಲ್ಲು ಶುಚಿ ಮಾಡುವ ಮೇಣ ಇಲ್ಲದ ಫ್ಲಾಸ್ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಫೋಟೊದ ಮೂಲೆಯಿಂದ ಶುರು ಮಾಡಿ ರಟ್ಟಿಗೆ ತಾಗಿಸಿಕೊಂಡು ಗರಗಸದ ಹಾಗೆ ನಿಧಾನವಾಗಿ ಎಳೆಯುತ್ತಾ ಹೋದೆವು. ಫೋಟೊ ಬಾಗಬಾರದು. ಬಾಗಿದರೆ ಮೇಲ್ಪದರ ಬಿರುಕು ಬಿಡುತ್ತದೆ. ಹೆಚ್ಚಿನವು ಬಂದವು. ಬರದವನ್ನು ರಟ್ಟಿನ ಸಮೇತ ಕತ್ತರಿಸಿ ಹಾಗೇ ಇಟ್ಟೆವು. ಹೇರ್ ಡ್ರೈಯರ್ ಬಿಸಿ ಕೊಟ್ಟರೆ ಅಂಟು ಸಡಿಲವಾಗುತ್ತದೆ ನಿಜ, ಆದರೆ ಬಿಸಿಗೆ ಫೋಟೊದ ಮೇಲ್ಪದರವೂ ಮೆತ್ತಗಾಗುತ್ತದೆ. ನಮಗೆ ಧೈರ್ಯ ಬರಲಿಲ್ಲ.

ಹಳೇ ಫೋಟೊದ ಹಿಂಬದಿಗೆ ಮೃದು ಪೆನ್ಸಿಲ್ ಹಿಡಿಯುತ್ತದೆ. ಪ್ಲಾಸ್ಟಿಕ್ ಲೇಪದ ನಯವಾದ ಹೊಸ ಪ್ರಿಂಟ್‌ಗಳಿಗೆ ಹಿಡಿಯೋದಿಲ್ಲ. ಅವುಗಳಿಗೆ ಹೆಸರನ್ನು ಕವರಿನ ಮೇಲೆ, ಫೋಟೊ ಒಳಗಿಡುವ ಮೊದಲು ಬರೆಯಬೇಕು.

7. ಸ್ಕ್ಯಾನ್ ಮತ್ತು ನಂಬರ್

ಕಾಗದಕ್ಕೆ 400 ಡಿಪಿಐ (ಇಂಚಿಗೆ 400 ಚುಕ್ಕೆ), ಫೋಟೊಗೆ 600, ಪಾಸ್‌ಪೋರ್ಟ್ ಅಳತೆಯವಕ್ಕೆ 1200. ಎಲ್ಲವೂ ಬಣ್ಣದಲ್ಲಿ, ಚಿತ್ರದ ವಿವರ ಕಳೆಯದ ಟಿಫ್ ಫೈಲ್. ಎ4 ಹಾಳೆ 400 ಡಿಪಿಐನಲ್ಲಿ ಸುಮಾರು 46 ಎಂಬಿ ಆಗುತ್ತದೆ. ಸ್ಕ್ಯಾನರ್ ತಾನೇ ಮಾಡುವ ಶಾರ್ಪ್, ಧೂಳು ಅಳಿಸುವಿಕೆ ಎಲ್ಲ ಆಫ್. ಧೂಳು ಅಂದುಕೊಂಡು ಅದು ಪೆನ್ಸಿಲಿನ ಚುಕ್ಕೆಯನ್ನೇ ಒರೆಸಿಬಿಡುತ್ತದೆ. ಹಿಂಬದಿ ಖಾಲಿ ಇದ್ದರೂ ಸ್ಕ್ಯಾನ್ ಮಾಡಿದೆವು. ಯಾಕೆ ಅಂತ 3ನೇ ಹಂತ ಓದಿದವರಿಗೆ ಹೇಳಬೇಕಾಗಿಲ್ಲ.

ಫೈಲಿನ ಹೆಸರಲ್ಲಿ ವಿಷಯವನ್ನಾಗಲಿ ತಾರೀಕನ್ನಾಗಲಿ ಹಾಕಲಿಲ್ಲ. ಅರ್ಧಕ್ಕರ್ಧ ಹಾಳೆಗಳಿಗೆ ತಾರೀಕೇ ಇಲ್ಲ, ಇವತ್ತು ಊಹಿಸಿದ್ದು ನಾಳೆ ಬದಲಾಗುತ್ತದೆ. ಜಾಗ ಮಾತ್ರ ಬದಲಾಗೋದಿಲ್ಲ. ಹಾಗಾಗಿ 02-03-014-2 ಅಂದರೆ ಎರಡನೇ ಪದರ, ಮೂರನೇ ಕಟ್ಟು, 14ನೇ ಹಾಳೆ, ಹಿಂಬದಿ. ಉಳಿದದ್ದೆಲ್ಲ ಪಟ್ಟಿಯಲ್ಲಿ: ಯಾರ ಕೈಬರಹ, ಯಾರಿಗೆ ಬರೆದದ್ದು, ತಾರೀಕು, ತಾರೀಕು ಹೇಗೆ ಗೊತ್ತಾಯಿತು, ಯಾರಿಗೆ ತೋರಿಸಬಹುದು.

"ಯಾರ ಕೈಬರಹ" ಅನ್ನೋ ಕಾಲಂ ಹಾಕಿದ್ದು ತುಂಬಾ ಒಳ್ಳೆಯದಾಯಿತು. ಅರ್ಜಿಗಳ ಅಂದವಾದ ಅಕ್ಷರ ದೊಡ್ಡಮ್ಮನದು ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಅದು ದೊಡ್ಡಪ್ಪನದು. ದೊಡ್ಡಮ್ಮ ಪೆನ್ಸಿಲಿನಲ್ಲಿ ಗೀಚಿ, ಹೊಡೆದು, ಮತ್ತೆ ಬರೆದ ಕರಡು ಬೇರೆ ಇದೆ. ದೊಡ್ಡಪ್ಪ ಅದನ್ನು ಶುದ್ಧ ಪ್ರತಿ ಮಾಡಿಕೊಡುತ್ತಿದ್ದರು. ಉಳಿದ ಮನೆ ಪಟ್ಟಿಗಳನ್ನು ಬರೆದದ್ದು ಅಕ್ಕ, ಆಗಿನ್ನೂ ಪ್ರೈಮರಿ ಶಾಲೆಯ ಹುಡುಗಿ, ಎರಡು ಗೆರೆ ಕಾಪಿ ಪುಸ್ತಕದಿಂದ ಹರಿದ ಹಾಳೆಯಲ್ಲಿ. ಲಕೋಟೆಗೆ ವಿಳಾಸ ಬರೆದದ್ದು ಚಿಕ್ಕಣ್ಣ. ಊರಿಗೆಲ್ಲ ಕಂಡದ್ದು ದೊಡ್ಡಮ್ಮನ ಒಂದು ಸಹಿ. ಅದರ ಹಿಂದೆ ಮನೆಮಂದಿಯ ಕೈಯೆಲ್ಲ ಇತ್ತು.

ಕೊನೆಯ ವರ್ಷಗಳ ಪತ್ರಗಳನ್ನು ಅಕ್ಕ ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದಳು. ಈಗ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗಲಿಬಿಲಿ. ಹಳೇ ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಆಸ್ಕಿ ಫಾಂಟ್‌ಗಳ ಕಥೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ಪರಿವರ್ತಕ ಬಳಸಿ, ಈಗಿನ ಎಲ್ಲ ಕಂಪ್ಯೂಟರ್ ಓದುವ ಯೂನಿಕೋಡ್‌ಗೆ ತಂದೆವು. ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು, ಕೂತು ತಿದ್ದಿದೆವು. ಮೂಲ ಫೈಲ್, ಫಾಂಟ್, ಯೂನಿಕೋಡ್ ಪ್ರತಿ ಮೂರನ್ನೂ ಇಟ್ಟಿದ್ದೇವೆ. ಅಚ್ಚಾದ ಕನ್ನಡಕ್ಕೆ ಟೆಸರಾಕ್ಟ್ ಅನ್ನೋ, ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಸುಮಾರಾಗಿ ಕೆಲಸ ಮಾಡಿತು. ಕೈಬರಹಕ್ಕೆ ಮನುಷ್ಯರೇ ಬೇಕು.

8. ಹೆಸರು ಕೇಳಿ ಬರೆಯೋದು

ಇದನ್ನು ಮೊದಲೇ ಮಾಡಿ. ಕಾಗದ ಕಾಯುತ್ತದೆ, ವಯಸ್ಸಾದವರ ನೆನಪು ಕಾಯೋದಿಲ್ಲ.

"ದೊಡ್ಡಮ್ಮನ ಬಗ್ಗೆ ಹೇಳಿ" ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಒಳ್ಳೆಯವರು, ಧೈರ್ಯವಂತೆ. ಫೋಟೊ ಕೈಗೆ ಕೊಟ್ಟು, "ಇವರ ಪಕ್ಕ ಯಾರು? ಇದು ಯಾರ ಮನೆ ಜಗಲಿ?" ಅಂತ ಕೇಳಿದರೆ ಮಾತು ತಾನೇ ಬಿಚ್ಚಿಕೊಳ್ಳುತ್ತದೆ. ಚಿಕ್ಕಮ್ಮ ಒಂದು ಮೆರವಣಿಗೆಯ ಫೋಟೊ ನೋಡಿ, ಮುಂದಿನ ಸಾಲಿನ ಹೆಂಗಸರ ಹೆಸರನ್ನು ಎಡದಿಂದ ಬಲಕ್ಕೆ ಪಟಪಟ ಹೇಳಿಬಿಟ್ಟರು. ಆಮೇಲೆ ಮೆಲ್ಲಗೆ, "ನಿನ್ನ ದೊಡ್ಡಮ್ಮನ ಕಂಕುಳಲ್ಲಿ ಇರೋದು ನೀನೇ ಕಣೇ. ನಿಮ್ಮಮ್ಮನಿಗೆ ಹುಷಾರಿರಲಿಲ್ಲ, ಎತ್ತಿಕೊಂಡೇ ನಡೆದರು" ಅಂದರು. ನನಗೆ ಗೊತ್ತೇ ಇರಲಿಲ್ಲ.

ರೆಕಾರ್ಡಿಂಗ್‌ಗೆ ಫೋನ್ ಸಾಕು. ಏರೋಪ್ಲೇನ್ ಮೋಡ್, ಫ್ಯಾನ್ ಆಫ್, ಫೋನನ್ನು ಮೇಜಿನ ಮೇಲೆ ಮಡಚಿದ ಬಟ್ಟೆಯ ಮೇಲಿಡಿ, ವೇವ್ ಫೈಲ್ ಆಗಿ ಉಳಿಸಿ. ಫೋಟೊದ ನಂಬರನ್ನು ಬಾಯಲ್ಲಿ ಹೇಳಿ ಶುರು ಮಾಡಿ, ಇಲ್ಲದಿದ್ದರೆ "ಇವರು, ಅವರು" ಯಾರು ಅಂತ ಆಮೇಲೆ ತಿಳಿಯೋದಿಲ್ಲ. ಇಬ್ಬರ ನೆನಪು ತಾಳೆಯಾಗದಿದ್ದರೆ ಎರಡನ್ನೂ ಹೆಸರು ಸಮೇತ ಬರೆದುಕೊಳ್ಳಿ. ದೊಡ್ಡಮ್ಮ ಸೋತ ಚುನಾವಣೆಯ ಮಾರನೇ ದಿನ ಏನು ಮಾಡಿದರು ಅನ್ನೋದಕ್ಕೆ ದೊಡ್ಡಣ್ಣ ಒಂದು ಹೇಳುತ್ತಾನೆ, ಅಕ್ಕ ಇನ್ನೊಂದು. ಎರಡೂ ಪಟ್ಟಿಯಲ್ಲಿವೆ.

9. ಕ್ಯಾಸೆಟ್

ಮಹಿಳಾ ಸಮಾಜದ ಸಭೆಗಳನ್ನು ದೊಡ್ಡಮ್ಮ ಟೇಪ್ ಮಾಡಿಸುತ್ತಿದ್ದರು. ಕ್ಯಾಸೆಟ್ ಹಾಕುವ ಮೊದಲ ಕೆಲಸ: ಮೇಲಂಚಿನ ಎರಡು ಸಣ್ಣ ಹಲ್ಲುಗಳನ್ನು ಮುರಿಯೋದು. ಅವು ಇದ್ದರೆ ಬೆರಳು ತಪ್ಪಿ ರೆಕಾರ್ಡ್ ಒತ್ತಿದಾಗ ಹಳೆಯದು ಅಳಿಸಿಹೋಗುತ್ತದೆ.

ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ ಮತ್ತು ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ, ರಬ್ಬರ್ ರೋಲರನ್ನು ನೀರಿನ ಒದ್ದೆ ಬಟ್ಟೆಯಿಂದ ಒರೆಸಿದೆವು. ಪ್ರತಿ ಕ್ಯಾಸೆಟ್ಟಿಗೂ ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸ, ಶ ಉಚ್ಚಾರ ಸ್ಪಷ್ಟವಾಗಿ ಕೇಳುವ ಕಡೆ ನಿಲ್ಲಿಸಬೇಕು. ಮಂಕಾಗಿದ್ದ ದನಿ ಇದೊಂದರಿಂದಲೇ ಎದ್ದು ಬಂತು. ಅಡಾಸಿಟಿ ಅನ್ನೋ ರೆಕಾರ್ಡಿಂಗ್ ತಂತ್ರಾಂಶದಲ್ಲಿ 24 ಬಿಟ್, 96 ಕಿಲೋಹರ್ಟ್ಜ್, ಜೋರು ದನಿ ಮೈನಸ್ 6 ಡಿಬಿ ದಾಟದ ಹಾಗೆ. ಸ್ಟೀರಿಯೊ ಆದರೆ ಗಂಟೆಗೆ ಸುಮಾರು 2 ಜಿಬಿ. ಸದ್ದು ಕಡಿಮೆ ಮಾಡುವ ಫಿಲ್ಟರ್ ಮೂಲ ಫೈಲಿಗೆ ಹಾಕಲಿಲ್ಲ, ಕೇಳುವ ಪ್ರತಿಗೆ ಮಾತ್ರ.

ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಸಣ್ಣ ಪ್ಯಾಡ್ ಬಿದ್ದುಹೋದ ಕ್ಯಾಸೆಟ್‌ಗಳ ಟೇಪನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ದಾಟಿಸಿದೆವು. ಟೇಪಿನ ಅಗಲ 4 ಮಿ.ಮೀ.ಗೂ ಕಡಿಮೆ, ಬರಿಗೈ ತಾಗಬಾರದು. ತುಂಡಾದ ಕಡೆ, ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಮಾತ್ರ. 120 ನಿಮಿಷದ ಸಿ-120 ಕ್ಯಾಸೆಟ್‌ಗಳೇ ಹೆಚ್ಚು ಕಾಟ ಕೊಟ್ಟವು. ಅವುಗಳ ಟೇಪು 60 ನಿಮಿಷದ ಸಿ-60ರ ಅರ್ಧದಷ್ಟೇ ದಪ್ಪ, ಬೇಗ ಹಿಗ್ಗುತ್ತದೆ, ಸುತ್ತಿಕೊಳ್ಳುತ್ತದೆ. ಅವುಗಳಲ್ಲಿ ಕೆಲವು ಈಗಲೂ ಕೀರಲು ದನಿ ಮಾಡಿ ನಿಲ್ಲುತ್ತಿವೆ. ಚಿಪ್ಪು ಬದಲಿಸಿದರೂ ಹೋಗಲಿಲ್ಲ. ಒಲೆಯಲ್ಲಿ ಬಿಸಿ ಮಾಡುವ ವಿಧಾನ ಕೆಲವು ದೊಡ್ಡ ಸುರುಳಿ ಟೇಪುಗಳಿಗೆ ಇದೆ. ಕ್ಯಾಸೆಟ್ ಮೇಲೆ ಅದನ್ನು ಸುಮ್ನೆ ಪ್ರಯೋಗ ಮಾಡೋದು ಬೇಡ ಅಂತ ಪಕ್ಕಕ್ಕಿಟ್ಟಿದ್ದೇವೆ.

10. ಯಾರಿಗೆ ತೋರಿಸೋದು, ಯಾರಿಗೆ ಬೇಡ

ಐದನೇ ಪದರದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಸಿಕ್ಕಿತು. ಹೆಂಗಸರು ದೊಡ್ಡಮ್ಮನಿಗೆ ಬರೆದ ಕಾಗದಗಳು. ಗಂಡನ ಹೊಡೆತ, ಬಿಟ್ಟುಹೋದ ಮಗ, ಅತ್ತೆಯಿಂದ ಬಚ್ಚಿಟ್ಟು ಉಳಿಸಿದ ದುಡ್ಡು. ಒಂದೆರಡು ಓದಿ ನಿಲ್ಲಿಸಿದೆವು. ಅವು ದೊಡ್ಡಮ್ಮನ ಬದುಕಿಗೆ ಸೇರಿದ್ದು ನಿಜ, ಆದರೆ ಬರೆದವರ ಗುಟ್ಟು ನಮ್ಮದಲ್ಲ. ಬರೆದವರ ಮಕ್ಕಳು ಮೊಮ್ಮಕ್ಕಳು ಅದೇ ಬೀದಿಗಳಲ್ಲಿ ಇದ್ದಾರೆ.

ಮನೆಯವರೆಲ್ಲ ಕೂತು ತೀರ್ಮಾನ ಮಾಡಿದೆವು. ಅರ್ಜಿ, ನಡಾವಳಿ, ಪುರಸಭೆಯ ಉತ್ತರ ಯಾರು ಬೇಕಾದರೂ ನೋಡಬಹುದು. ಸಹಿ ಪಟ್ಟಿಯನ್ನು ಕೇಳಿದವರಿಗೆ, ಅವರವರ ಮನೆಯ ಮಟ್ಟಿಗೆ. ಮನೆ ಲೆಕ್ಕ, ಡಾಕ್ಟರ್ ಚೀಟಿ ಕುಟುಂಬದವರಿಗೆ, ದೊಡ್ಡಣ್ಣನ ಚೀಟಿ ಮಾತ್ರ ಅವನೇ ಒಪ್ಪಿ ಎಲ್ಲರಿಗೂ. ಬಟ್ಟೆಯ ಕಟ್ಟನ್ನು ಸ್ಕ್ಯಾನೂ ಮಾಡಲಿಲ್ಲ. ಹಾಳೆ ಎಣಿಸಿ, ಪಟ್ಟಿಯಲ್ಲಿ ಒಂದು ಸಾಲು ಬರೆದು, ಮತ್ತೆ ಅದೇ ಬಟ್ಟೆಯಲ್ಲಿ ಕಟ್ಟಿಟ್ಟೆವು.

11. ಮನೆಮಂದಿಗೆ ಒಂದು ಪುಸ್ತಕ

ಎಲ್ಲರೂ ಕಂಪ್ಯೂಟರ್ ಮುಂದೆ ಕೂರೋದಿಲ್ಲ. ಹಾಗಾಗಿ ಆಯ್ದ ಹಾಳೆ, ಫೋಟೊಗಳ ಒಂದು ಪುಸ್ತಕ. ಮೊದಲ ಕರಡಿನಲ್ಲಿ ಪುಟದ ಎಡಗಡೆ ಮನೆ, ಬಲಗಡೆ ಊರು ಅಂತ ಎರಡು ಕಾಲಂ ಇತ್ತು. ಹಳೇ ಗುಡ್ಡೆಗಳೇ ವೇಷ ಬದಲಿಸಿ ಬಂದ ಹಾಗಿತ್ತು, ತೆಗೆದೆವು. ಈಗ ಒಂದೇ ಸಾಲು. ಜ್ವರದ ಅಂಕಿ, ಅರ್ಜಿ, ಸಹಿ ಪಟ್ಟಿ, ಪೈಪು ಬದಲಿಸಿದ್ದಕ್ಕೆ ಬಂದ ಉತ್ತರ, ದೊಡ್ಡಣ್ಣ ಮತ್ತೆ ಶಾಲೆಗೆ ಹೋದ ವರ್ಷದ ಫೋಟೊ, ಒಂದರ ಹಿಂದೆ ಒಂದು.

ಎ5 ಅಳತೆ. ನಾಲ್ಕು ಎ4 ಹಾಳೆ ಸೇರಿಸಿ ಮಡಚಿದರೆ 16 ಪುಟದ ಒಂದು ಫಾರಂ. ಬೆನ್ನಿನ ಮಡಿಕೆಯಲ್ಲಿ ಐದು ತೂತು, ಮೇಣ ಸವರಿದ ನಾರುಬಟ್ಟೆಯ ದಾರ. ಇಲ್ಲಿ ಒಂದು ವಿಷಯ ಗಮನಿಸಿ. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕಿರುತ್ತದೆ. ಅದನ್ನು ಎ5ಗೆ ಮಡಚಿದರೆ ನಾರು ಬೆನ್ನಿಗೆ ಅಡ್ಡ ಬೀಳುತ್ತದೆ. ನಮ್ಮ ಮಾದರಿ ಪ್ರತಿ ಇದಕ್ಕೇ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇತ್ತು, ಮುಚ್ಚಲಿಲ್ಲ. ಉದ್ದ ನಾರಿನ ಎ3 ಹಾಳೆ ತಂದು ಅಡ್ಡಕ್ಕೆ ಎರಡು ಮಾಡಿದರೆ ಸಿಗುವ ಎ4ನಲ್ಲಿ ನಾರು ಬೆನ್ನಿಗೆ ಸಮಾನಾಂತರ. ಎರಡನೇ ಪ್ರತಿ ಸಲೀಸಾಗಿ ಬಿಚ್ಚಿ ಮುಚ್ಚುತ್ತದೆ. ದಿಕ್ಕು ನೋಡಲು ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ. ಸುಲಭವಾಗಿ ಬಾಗುವ ಮಡಿಕೆಯ ಉದ್ದಕ್ಕೆ ನಾರು ಓಡಿರುತ್ತದೆ.

12. ಈಗಿನ ಸ್ಥಿತಿ

ಮೂಲ ಕಾಗದಗಳು ಆ್ಯಸಿಡ್ ಇಲ್ಲದ ರಟ್ಟಿನ ಪೆಟ್ಟಿಗೆಗಳಲ್ಲಿವೆ. ಮಲಗಿಸಿ ಇಟ್ಟಿದ್ದೇವೆ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಹಾಗೆ. ತಗಡಿನ ಟ್ರಂಕ್ ಖಾಲಿ, ಅಕ್ಕನ ಮನೆಗೆ ಹೋಯಿತು. ಫೈಲುಗಳ ಮೂರು ಪ್ರತಿ ಇವೆ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಕ್ಲೌಡ್‌ನಲ್ಲಿ. ಒಂದು ಡಿಸ್ಕ್ ಬೇರೆ ಊರಿನಲ್ಲಿರುವ ಚಿಕ್ಕಣ್ಣನ ಹತ್ತಿರ. ಪ್ರತಿ ಫೈಲಿಗೂ, ಫೈಲು ಬದಲಾದರೆ ತಾನೂ ಬದಲಾಗುವ ಗುರುತು, ಅಂದರೆ ಶಾ-256 ಚೆಕ್‌ಸಮ್ ಬರೆದಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಓಡಿಸಿ ತಾಳೆ ನೋಡಬೇಕು, ಆ ಹೊಣೆ ದೊಡ್ಡಣ್ಣನ ಮಗಳು ವಹಿಸಿಕೊಂಡಿದ್ದಾಳೆ.

ಉಳಿದಿರೋದು ಇಷ್ಟು: ಕೀರಲು ದನಿಯ ಕ್ಯಾಸೆಟ್‌ಗಳಿಗೆ ಟೇಪ್ ರಿಪೇರಿ ಬಲ್ಲವರು ಬೇಕು. "ಜಾಗ ತಿಳಿದಿಲ್ಲ" ಫೋಲ್ಡರಿನ ಹಾಳೆಗಳ ತೂತಿನ ಅಳತೆಯನ್ನು ನಾಲ್ಕನೇ ಪದರದ ಕಟ್ಟುಗಳ ಜೊತೆ ಇನ್ನೂ ಹೋಲಿಸಬೇಕು. ಮೆರವಣಿಗೆಯ ಫೋಟೊದ ಹಿಂದಿನ ಸಾಲಿನಲ್ಲಿ ಇಬ್ಬರ ಹೆಸರು ಚಿಕ್ಕಮ್ಮನಿಗೂ ನೆನಪಾಗಲಿಲ್ಲ. ಅದರ ದೊಡ್ಡ ಪ್ರಿಂಟ್ ಒಂದನ್ನು ವಾಚನಾಲಯದ ಬಾಗಿಲ ಪಕ್ಕ ಹಾಕಿದ್ದೇವೆ, ಜೊತೆಗೆ ಒಂದು ನೋಟ್‌ಬುಕ್, ದಾರಕ್ಕೆ ಕಟ್ಟಿದ ಪೆನ್ಸಿಲ್.